ಹಾಡಿನ ಮಾಸ್ಟರಿಂಗ್‌ಗೆ ಯಾವ ಸಾಫ್ಟ್‌ವೇರ್?

ಪ್ರಶ್ನೆ: ಸೂರಗೊಂಡನಕೊಪ್ಪದ ಸೇವಾಲಾಲ್ ಜಯಂತಿಗೆಂದು ಮನೆಯಲ್ಲೇ ಲಂಬಾಣಿ ಹಾಡು ರೆಕಾರ್ಡ್ ಮಾಡಿದ್ದೇವೆ. ಮಾಸ್ಟರಿಂಗ್‌ಗೆ ಯಾವ ಸಾಫ್ಟ್‌ವೇರ್ ಕೊಳ್ಳಬೇಕು?
– ಓದುಗರು, ನ್ಯಾಮತಿ

ಉತ್ತರ: ಸದ್ಯಕ್ಕೆ ಯಾವುದನ್ನೂ ಕೊಳ್ಳಬೇಡಿ. 2000ದಲ್ಲಿ ಬಂದ ಆಡಾಸಿಟಿ ಉಚಿತ. ಈಕ್ವಲೈಜರ್, ಕಂಪ್ರೆಸರ್, ಲಿಮಿಟರ್ ಎಲ್ಲ ಅದರಲ್ಲೇ ಇವೆ. ಹಲವು ಟ್ರ್ಯಾಕ್‌ಗಳ ಮಿಕ್ಸಿಂಗನ್ನೂ ನೀವೇ ಮಾಡುವುದಾದರೆ ರೀಪರ್ ವಾಸಿ: 60 ದಿನ ಪುಕ್ಕಟೆ ಬಳಸಿ ನೋಡಬಹುದು, ಆಮೇಲೆ ಮನೆಬಳಕೆಗೆ 60 ಡಾಲರ್.

ಸಾಫ್ಟ್‌ವೇರಿಗಿಂತ ಮುಖ್ಯವಾದದ್ದು ಸದ್ದಿನ ಮಟ್ಟ. ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್‌ಗಿಂತ (ಕಿವಿಗೆ ಕೇಳುವ ಸದ್ದಿನ ಅಳತೆಮಾನ) ಜೋರಾದ ಹಾಡನ್ನು ಯೂಟ್ಯೂಬ್ ತಾನೇ ತಗ್ಗಿಸಿ ಕೇಳಿಸುತ್ತದೆ. ಹಾಗಾಗಿ ಡಿಜೆ ಸೌಂಡಿನ ಹಟಕ್ಕೆ ಬಿದ್ದು ನಗಾರಿಯ ಪೆಟ್ಟನ್ನು ಚಪ್ಪಟೆ ಮಾಡಬೇಡಿ. ಗರಿಷ್ಠ ಮಟ್ಟ ಮೈನಸ್ 1 ಡೆಸಿಬೆಲ್ ದಾಟದಿರಲಿ. ಉಳಿದ ಹಣಕ್ಕೆ ಒಳ್ಳೆಯ ಹೆಡ್‌ಫೋನ್ ತಗೊಳ್ಳಿ.