ಕುಕ್ಕರು ಯಾಕೆ ಕೂಗಲಿಲ್ಲ?

ಈಗ ಬಹಳ ಮನೆಗಳಲ್ಲಿ ಕುಕ್ಕರ್ ಇದೆ. ಬೇಳೆ ಬೇಗ ಬೇಯುತ್ತದೆ. ಗ್ಯಾಸು ಉಳಿಯುತ್ತದೆ. ಆದರೂ ಎಷ್ಟೋ ಅಕ್ಕಂದಿರಿಗೆ ಅದನ್ನು ಕಂಡರೆ ಒಳಗೊಳಗೇ ಭಯ. "ಸಿಡಿದರೆ ಗತಿ ಏನು?" ಅಂತ ಕೇಳ್ತಾರೆ. ಈ ಭಯ ಸುಳ್ಳಲ್ಲ. ಕುಕ್ಕರ್ ಸಿಡಿದು ಮುಖ, ಕೈ ಸುಟ್ಟುಕೊಂಡವರು ಇದ್ದಾರೆ. ಆದರೆ ಕುಕ್ಕರ್ ಸುಮ್ಮಸುಮ್ಮನೆ ಸಿಡಿಯುವುದಿಲ್ಲ. ಅದರ ಒಳಗೆ ಏನು ನಡೆಯುತ್ತದೆ, ನೋಡೋಣ.

ತೆರೆದ ಪಾತ್ರೆಯಲ್ಲಿ ನೀರು ಸುಮಾರು 100 ಡಿಗ್ರಿಗೆ ಕುದಿಯುತ್ತದೆ. ಎಷ್ಟು ಉರಿ ಹಾಕಿದರೂ ಅದಕ್ಕಿಂತ ಹೆಚ್ಚು ಬಿಸಿ ಆಗೋದಿಲ್ಲ. ಕುಕ್ಕರಿನಲ್ಲಿ ನಾವು ಆವಿಯನ್ನು ಒಳಗೇ ಕಟ್ಟಿಹಾಕುತ್ತೇವೆ. ಒತ್ತಡ ಏರುತ್ತದೆ. ಆಗ ನೀರು ಸುಮಾರು 120 ಡಿಗ್ರಿವರೆಗೆ ಬಿಸಿಯಾಗುತ್ತದೆ. ಬೇಳೆ ಬೇಗ ಬೇಯುವುದು ಅದಕ್ಕೇ.

ಮುಚ್ಚಳದ ಮೇಲೆ ಒಂದು ಸಣ್ಣ ಕೊಳವೆ ಇದೆ. ಅದರ ಮೇಲೆ ವೇಟು ಕೂರುತ್ತದೆ. ಒತ್ತಡ ಜಾಸ್ತಿ ಆದಾಗ ಆವಿ ವೇಟನ್ನು ಎತ್ತಿಕೊಂಡು ಹೊರಗೆ ಬರುತ್ತದೆ. ಅದೇ ನಾವು ಎಣಿಸುವ ಕೂಗು.

ವೇಟನ್ನು ಬಿಡಿಯಾಗಿ ಇಡುವ ಕುಕ್ಕರ್ ನಿಮ್ಮದಾದರೆ ಒಂದು ಮಾತು. ಮುಚ್ಚಳ ಹಾಕಿದ ಕೂಡಲೇ ವೇಟು ಇಡಬೇಡಿ. ಒಳಗೆ ಗಾಳಿ ಇರುತ್ತದೆ. ಗಾಳಿ ಉಳಿದರೆ ಬೇಕಾದಷ್ಟು ಬಿಸಿ ಏರೋದಿಲ್ಲ. ಕೊಳವೆಯಿಂದ ಆವಿ ಒಂದೇ ಸಮನೆ ಜೋರಾಗಿ ಬರಲಿ. ಆಮೇಲೆ ವೇಟು ಇಡಿ. ಇದರಿಂದ ಇನ್ನೊಂದು ಲಾಭ ಇದೆ. ಕೊಳವೆ ಕಟ್ಟಿಲ್ಲ ಅನ್ನೋದು ಕಣ್ಣಿಗೇ ಕಾಣುತ್ತದೆ. ನಮ್ಮ ಮಟ್ಟಿಗೆ ಈ ಎರಡನೇ ಲಾಭವೇ ದೊಡ್ಡದು.

ಕೊಳವೆ ಕಟ್ಟಿದರೆ ಏನಾಗುತ್ತದೆ? ಬೇಳೆಯ ನೊರೆ, ಹೊಟ್ಟು, ಹುಣಸೆ ಸಿಪ್ಪೆ ತೂತಿಗೆ ಸಿಕ್ಕಿಕೊಳ್ಳುತ್ತದೆ. ಆವಿಗೆ ದಾರಿ ಇಲ್ಲ. ಒತ್ತಡ ಏರುತ್ತಲೇ ಹೋಗುತ್ತದೆ. ಇಂಥ ಹೊತ್ತಿಗೆ ಅಂತಲೇ ಮುಚ್ಚಳದಲ್ಲಿ ಸೇಫ್ಟಿ ವಾಲ್ವು ಇದೆ. ಬಹಳ ಕುಕ್ಕರುಗಳಲ್ಲಿ ಅದರ ನಡುವೆ ಬೇಗ ಕರಗುವ ಲೋಹ ಇರುತ್ತದೆ. ಬಿಸಿ ಮಿತಿ ಮೀರಿದರೆ ಅದು ಕರಗಿ ತೂತಾಗುತ್ತದೆ. ಆವಿ ಭುಸ್ಸೆಂದು ಹೊರಗೆ ಹೋಗುತ್ತದೆ. ಕುಕ್ಕರಿನಲ್ಲಿ ನೀರು ಬತ್ತಿಹೋದರೂ ಹೀಗೇ ಆಗುತ್ತದೆ. ವಾಲ್ವು ಹೋಯ್ತು ಅಂತ ಬೈಯಬೇಡಿ. ಅದು ಹೋಗಿದ್ದರಿಂದಲೇ ನೀವು ಉಳಿದಿರಿ.

ಆವಿಯನ್ನೇ ಕಟ್ಟಿ ಅಡುಗೆ ಮಾಡುವ ಪಾತ್ರೆಯನ್ನು ಮೊದಲು ಮಾಡಿದವನು ಡೆನಿ ಪಾಪೆನ್ ಎಂಬ ಫ್ರಾನ್ಸ್ ದೇಶದವನು. ಅದು 1679ರ ಮಾತು. ಆವಿ ಹೋಗಲು ವಾಲ್ವು ಬೇಕು ಅಂತ ಅವನಿಗೂ ಗೊತ್ತಾಗಿತ್ತು!

ಈಗ ಕುಕ್ಕರ್ ಕೂಗುತ್ತಿಲ್ಲ ಅನ್ನಿ. ಮೊದಲು ದೂರದಿಂದ ನೋಡಿ. ಮುಚ್ಚಳದ ಅಂಚಿನಿಂದ ಆವಿ ಸೋರುತ್ತಿದೆಯೇ? ರಬ್ಬರ್ ಗ್ಯಾಸ್ಕೆಟ್ ಸಡಿಲವಾಗಿದೆ, ಇಲ್ಲವೇ ಗಟ್ಟಿಯಾಗಿ ಬಿರುಕು ಬಿಟ್ಟಿದೆ. ಬೇರೆ ಹಾಕಿಸಿ. ಸೇಫ್ಟಿ ವಾಲ್ವಿನಿಂದ ಸೋರುತ್ತಿದೆಯೇ? ವಾಲ್ವು ಬದಲಿಸಬೇಕು. ಎಲ್ಲಿಂದಲೂ ಆವಿ ಇಲ್ಲ, ಸದ್ದೂ ಇಲ್ಲ, ಉರಿ ಮಾತ್ರ ಜೋರಾಗಿದೆಯೇ? ಇದೇ ಅಪಾಯ. ಒಲೆ ಆರಿಸಿ. ಮಕ್ಕಳನ್ನು ದೂರ ಕಳಿಸಿ. ವೇಟು ಎಳೆಯಬೇಡಿ. ಮುಚ್ಚಳ ತಿರುಗಿಸಬೇಡಿ. ಪೂರ್ತಿ ತಣ್ಣಗಾಗುವವರೆಗೆ ಅದನ್ನು ಮುಟ್ಟಲೇಬೇಡಿ. ಸಾರು ತಡವಾದರೆ ಆಗಲಿ.

ದಿನಾ ಮಾಡುವ ಕೆಲಸ ಸಣ್ಣದು. ಮುಚ್ಚಳ ತೊಳೆದ ಮೇಲೆ ಕೊಳವೆಯನ್ನು ಬೆಳಕಿಗೆ ಹಿಡಿಯಿರಿ. ಆಚೆ ಬೆಳಕು ಕಾಣಬೇಕು. ಕಾಣದಿದ್ದರೆ ಪೊರಕೆ ಕಡ್ಡಿ ತೂರಿಸಿ ತೆಗೆಯಿರಿ. ಕುಕ್ಕರಿಗೆ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ತುಂಬಬಾರದು. ಬೇಳೆ, ಕಾಳು, ಅಕ್ಕಿ ಉಬ್ಬುತ್ತವೆ, ನೊರೆ ಬರುತ್ತದೆ. ಅವನ್ನು ಅರ್ಧಕ್ಕಿಂತ ಹೆಚ್ಚು ಹಾಕಬೇಡಿ, ನೀರೂ ಸೇರಿ. ಬೇಳೆಗೆ ಒಂದು ಚಮಚ ಎಣ್ಣೆ ಹಾಕಿದರೆ ನೊರೆ ಕಡಿಮೆ.

ಕೆಲವರು ಹೋದ ವಾಲ್ವಿನ ತೂತಿಗೆ ಬೋಲ್ಟು ಹಾಕಿ ಬಿಗಿಯುತ್ತಾರೆ. ಬೆಸುಗೆ ಹಾಕಿಸುತ್ತಾರೆ. ಇದನ್ನು ಯಾರು ಹೇಳಿದರೂ ಕೇಳಬೇಡಿ, ಮನೆಯ ಗಂಡಸರೇ ಹೇಳಿದರೂ ಸರಿ. ಹೊಸ ವಾಲ್ವಿಗೆ ಒಂದು ಕಿಲೋ ತೊಗರಿಬೇಳೆಯಷ್ಟು ದುಡ್ಡೂ ಬೇಕಾಗಿಲ್ಲ. ನಿಮ್ಮ ಕುಕ್ಕರ್ ಮಾಡಿದ ಕಂಪನಿಯದೇ ವಾಲ್ವು ಕೇಳಿ. ಹೆಸರು ಓದಿ ನೋಡಿಯೇ ತೆಗೆದುಕೊಳ್ಳಿ. ಹೊಸ ಕುಕ್ಕರ್ ಕೊಳ್ಳುವಾಗ ಅದರ ಮೇಲೆ ಐ.ಎಸ್.ಐ. ಗುರುತು ಹುಡುಕಿ. ಅದರ ಹತ್ತಿರ 2347 ಅಂತ ಅಂಕಿ ಇರುತ್ತದೆ. 2021ರ ಫೆಬ್ರವರಿಯಿಂದ ಈ ಗುರುತು ಕಡ್ಡಾಯವಾಗಿದೆ. ಅಂಗಡಿಗೆ ಹೋಗುವಾಗ ಹಳೇ ವಾಲ್ವು, ಹಳೇ ಗ್ಯಾಸ್ಕೆಟ್ ಚೀಲದಲ್ಲಿ ಹಾಕಿಕೊಂಡು ಹೋಗಿ. ಅಳತೆ ನೋಡಿ ಕೊಡುತ್ತಾರೆ.