ನಮ್ಮೂರ ಕತೆ ನಮ್ಮ ಬಾಯಲ್ಲೇ



ಬಿತ್ತನೆ ಮುಗಿದು ಕೊಂಚ ಬಿಡುವಾಗಿದೆ ಎಂದುಕೊಳ್ಳೋಣ. ಸಂಜೆ ಕಟ್ಟೆಯ ಮೇಲೆ ನಾಲ್ಕು ಜನ ಕೂತಿದ್ದೀರಿ. ಅವರಲ್ಲಿ ಹಿರಿಯರೊಬ್ಬರು, "ಈಗೆಲ್ಲಿದೆ ಬಿಡಪ್ಪ ಆ ಜೋಳ! ಮಳೆ ಕೈಕೊಟ್ಟರೂ ತೆನೆ ಕೈಬಿಡುತ್ತಿರಲಿಲ್ಲ" ಅನ್ನುತ್ತಾರೆ. ಅದು ಯಾವ ಜೋಳ? ಯಾವ ಮಳೆಗೆ ಬಿತ್ತುತ್ತಿದ್ದರು? ಬೀಜಕ್ಕೆ ಹುಳ ಬೀಳದ ಹಾಗೆ ಬೂದಿ ಬೆರೆಸುತ್ತಿದ್ದರೋ, ಬೇವಿನ ಸೊಪ್ಪು ಇಡುತ್ತಿದ್ದರೋ? ಇದೆಲ್ಲ ಅವರ ನೆನಪಿನಲ್ಲಿದೆ, ಪುಸ್ತಕದಲ್ಲಿಲ್ಲ. ಅವರು ಹೋದ ದಿನ ಆ ಕತೆಯೂ ಹೋಯಿತು.

ಅದೇ ಕಟ್ಟೆಯ ಮೇಲೆ ಕೂತ ಹುಡುಗನ ಜೇಬಿನಲ್ಲಿ ಒಂದು ಫೋನು ಇರುತ್ತದೆ. ಅದು ಮಾತು ಹಿಡಿಯುತ್ತದೆ, ಚಿತ್ರವನ್ನೂ ಹಿಡಿಯುತ್ತದೆ. ಆದರೆ ನಾವು ಅದನ್ನು ಇಟ್ಟುಕೊಂಡಿರುವುದು ಹೆಚ್ಚಾಗಿ ಊರಾಚೆಯವರ ಕತೆ ನೋಡುವುದಕ್ಕೆ. ನಮ್ಮ ಕತೆ ಹೇಳುವುದಕ್ಕೆ ಆಗದೆ? ಆಗುತ್ತದೆ. ಹಾಗೆ ಮಾಡಿ ತೋರಿಸಿದ ಹೆಣ್ಣುಮಕ್ಕಳು ನಮ್ಮ ಬೀದರಿನ ಪಕ್ಕದಲ್ಲೇ ಇದ್ದಾರೆ.

ಬೀದರಿನಿಂದ ಗಡಿ ದಾಟಿದರೆ ತೆಲಂಗಾಣದ ಜಹೀರಾಬಾದು. ಅಲ್ಲಿನ ಹಳ್ಳಿಗಳಲ್ಲಿ 1983ರಿಂದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಎಂಬ ಸಂಸ್ಥೆ ಬಡ ಹೆಂಗಸರ ಸಂಘಗಳನ್ನು ಕಟ್ಟಿತು. ಅದನ್ನು ಬಹುಕಾಲ ನಡೆಸಿದ ಪಿ. ವಿ. ಸತೀಶ್ ನಮ್ಮ ಮೈಸೂರಿನ ಕಡೆಯವರು. ಮೊದಲು ಟೆಲಿವಿಷನ್ ಕಾರ್ಯಕ್ರಮ ತಯಾರಿಸುತ್ತಿದ್ದರು, 2023ರಲ್ಲಿ ತೀರಿಕೊಂಡರು. ಸಂಘದ ಹೆಂಗಸರು ಹೆಚ್ಚಿನವರು ದಲಿತರು, ಕೂಲಿ ಮಾಡಿ ಬದುಕಿದವರು, ಅನೇಕರಿಗೆ ಓದು ಬರಹ ಬಾರದು. 1990ರ ದಶಕದ ಕೊನೆಯ ಹೊತ್ತಿಗೆ ಅವರೇ ವಿಡಿಯೋ ಕ್ಯಾಮೆರಾ ಹಿಡಿದರು.

ಕ್ಯಾಮೆರಾ ಕಲಿತ ಬಗೆಯನ್ನು ಕೇಳಿ. ಮೇಲಿನಿಂದ ಕೆಳಗೆ ನೋಡುವಂತೆ ಚಿತ್ರ ತೆಗೆದರೆ ಅದಕ್ಕೆ ಅವರು "ಪಟೇಲ ಶಾಟ್" ಎಂದು ಹೆಸರಿಟ್ಟರು. ಊರ ಪಟೇಲ ಕೂಲಿಯವರನ್ನು ನೋಡುವುದು ಹಾಗೆಯೇ ತಾನೆ! ಕೆಳಗಿನಿಂದ ಮೇಲಕ್ಕೆ ನೋಡುವುದು ಜೀತದಾಳಿನ ನೋಟ. ಇಬ್ಬರ ಕಣ್ಣೂ ಒಂದೇ ಎತ್ತರದಲ್ಲಿದ್ದರೆ ಅದು "ಸಂಘದ ಶಾಟ್", ಸಂಘದಲ್ಲಿ ಎಲ್ಲರೂ ಸರಿಸಮ ಕೂರುತ್ತಾರಲ್ಲ, ಹಾಗೆ. ಚಿತ್ರ ತೆಗೆಯುವ ವಿದ್ಯೆಯನ್ನು ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿಕೊಟ್ಟಿದ್ದನ್ನು ನಾನಂತೂ ಕೇಳಿಲ್ಲ.

2002ರಲ್ಲಿ ಬಿ.ಟಿ. ಹತ್ತಿ ಬಂತು. ಈ ಹೆಂಗಸರು ವಾರಂಗಲ್ಲಿನ ರೈತರ ಹೊಲಗಳಿಗೆ ಒಂದೇ ಸಲ ಹೋಗಿ ಬರಲಿಲ್ಲ. ತಿಂಗಳು ತಿಂಗಳೂ ಹೋದರು. ಬೀಜಕ್ಕೆಷ್ಟು ಕೊಟ್ಟಿರಿ, ಔಷಧಿ ಎಷ್ಟು ಸಲ ಹೊಡೆದಿರಿ, ಬಿಡಿಸಿದ್ದೆಷ್ಟು ಎಂದು ರೈತನ ಬಾಯಿಂದಲೇ ಹೇಳಿಸಿದರು. 2003ರಲ್ಲಿ ಅದು ಚಿತ್ರವಾಗಿ ಹೊರಬಂತು. ಆ ಹತ್ತಿಯಿಂದ ಲಾಭ ಕಂಡವರೂ ಬೇರೆ ಕಡೆ ಇದ್ದಾರೆ, ಆ ವಾದ ಇನ್ನೂ ಮುಗಿದಿಲ್ಲ. ನಾನು ಹೇಳಬೇಕೆಂದಿರುವುದು ಇಷ್ಟೆ: ನಷ್ಟವಾದ ರೈತನ ಲೆಕ್ಕವನ್ನು ಇನ್ನೊಬ್ಬ ರೈತ ಹೆಂಗಸು ಕೂತು ಕೇಳಿದ್ದರಿಂದ ಅದು ದಾಖಲೆಯಾಯಿತು. ಇಲ್ಲದಿದ್ದರೆ ಅದು ಚಹದಂಗಡಿಯ ಗೊಣಗಾಟವಾಗಿ ಉಳಿಯುತ್ತಿತ್ತು.

ರೇಡಿಯೋ ಕತೆ ಇನ್ನೂ ಸೊಗಸು. ಬಾನಲೆಗಳು ಸಾರ್ವಜನಿಕರ ಸ್ವತ್ತು ಎಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿತು. ಆದರೂ ಸಮುದಾಯ ಬಾನುಲಿಗೆ ಇಂಥ ಸಂಸ್ಥೆಗಳೂ ಪರವಾನಗಿ ಕೇಳಬಹುದೆಂಬ ನಿಯಮ ಬಂದದ್ದು 2006ರಲ್ಲಿ. ಅಲ್ಲಿಯವರೆಗೆ ಈ ಹೆಂಗಸರು ಸುಮ್ಮನೆ ಕೂತರೆ? ಹಾಡು, ಒಗಟು, ಬೀಜದ ಮಾತು ಎಲ್ಲವನ್ನೂ ಟೇಪಿನಲ್ಲಿ ಹಿಡಿದು ಸಂಘದ ಸಭೆಗಳಲ್ಲಿ ಕೇಳಿಸಿದರು. 2008ರ ಅಕ್ಟೋಬರ್ 15ರಂದು ಮಾಚನೂರಿನಲ್ಲಿ ಸಂಘಂ ರೇಡಿಯೋ ಶುರುವಾಯಿತು. ಉದ್ಘಾಟನೆಗೆ ಬಂದವರು ಆ ತೀರ್ಪು ಬರೆದ ನ್ಯಾಯಮೂರ್ತಿ ಪಿ. ಬಿ. ಸಾವಂತರೇ. ಕಾರ್ಯಕ್ರಮದ ಹೊತ್ತು ರಾತ್ರಿ 7ರಿಂದ 9. ಹೊಲದಿಂದ ಬಂದು ಒಲೆ ಹಚ್ಚುವ ಹೊತ್ತು ಯಾವುದೆಂದು ಅವರಿಗೆ ಯಾರೂ ಕಲಿಸಬೇಕಿರಲಿಲ್ಲ ನೋಡಿ.

ನಮ್ಮಲ್ಲೂ ಇಂಥದು ನಡೆಯದೆ ಇಲ್ಲ. ಕೋಲಾರ ಜಿಲ್ಲೆ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ "ನಮ್ಮ ಧ್ವನಿ" ಎಂಬ ಹೆಸರಿನಲ್ಲಿ ಊರವರೇ ಕಾರ್ಯಕ್ರಮ ತಯಾರಿಸಿದರು. ಬಾನಲೆಗೆ ಅಪ್ಪಣೆ ಇರದ ಆ ದಿನಗಳಲ್ಲಿ ಕೇಬಲ್ ತಂತಿಯ ಮೂಲಕವೇ ಮನೆಮನೆಗೆ ದನಿ ಕಳಿಸಿದರು.

ಈ ಪದ್ಧತಿ ಹೊಸದೂ ಅಲ್ಲ. ದೂರದ ಕೆನಡಾ ದೇಶದಲ್ಲಿ ಫೋಗೋ ಎಂಬ ದ್ವೀಪವಿದೆ, ಮೀನುಗಾರರ ಊರುಗಳು. ಕಡಲಿನ ಬಡ ಊರುಗಳನ್ನು ಎಬ್ಬಿಸಿ ಬೇರೆಡೆ ಕೂರಿಸುವ ಯೋಜನೆ ಸರ್ಕಾರದ್ದಾಗಿತ್ತು. 1967ರಲ್ಲಿ ಕಾಲಿನ್ ಲೋ ಎಂಬಾತ ಫಿಲ್ಮು ತೆಗೆಯಲು ಅಲ್ಲಿಗೆ ಹೋದ. ತೆಗೆದದ್ದನ್ನು ಮೊದಲು ಅದೇ ಜನಕ್ಕೆ ತೋರಿಸಿದ. ಬೇಡವೆಂದ ಮಾತನ್ನು ತೆಗೆದುಹಾಕುವ ಹಕ್ಕೂ ಅವರದೇ. ಒಂದೂರಿನವರ ಕಷ್ಟವನ್ನು ಇನ್ನೊಂದೂರಿನವರು ಪರದೆಯ ಮೇಲೆ ನೋಡಿದರು, ಎಲ್ಲರದೂ ಒಂದೇ ಕಷ್ಟವೆಂದು ಗೊತ್ತಾಯಿತು. ಆಮೇಲೆ ಅಧಿಕಾರಿಗಳೂ ನೋಡಿದರು. ದ್ವೀಪದವರು ಸಹಕಾರ ಸಂಘ ಕಟ್ಟಿಕೊಂಡು ಅಲ್ಲೇ ಉಳಿದರು. ಇಷ್ಟನ್ನೂ ಫಿಲ್ಮೊಂದೇ ಮಾಡಿತು ಎನ್ನಲಾಗದು, ಮಾತು ಶುರುಮಾಡಿಸಿತು.

ಇನ್ನು ನಿಮ್ಮ ಮನೆಯ ಮಾತಿಗೆ ಬರೋಣ. ಅಜ್ಜಿ ಬೀಜ ಆರಿಸುವಾಗ ಎದುರಿಗೆ ನೀವೂ ನೆಲದ ಮೇಲೆ ಕೂತುಕೊಳ್ಳಿ, ನಿಂತುಕೊಂಡು ಹಿಡಿಯಬೇಡಿ. ಕೈಯನ್ನೂ ತೋರಿಸಿ, ಬರೀ ಮುಖವಲ್ಲ. ಬೆಳಕು ನಿಮ್ಮ ಬೆನ್ನ ಹಿಂದಿರಲಿ. ಗಾಳಿ ಜೋರಾಗಿದ್ದರೆ ಗೋಡೆಯ ಮರೆಗೆ ಸರಿಯಿರಿ, ಇಲ್ಲದಿದ್ದರೆ ಬುಸಬುಸ ಸದ್ದು ಬಿಟ್ಟು ಏನೂ ಕೇಳದು. "ಹೌದಾ ಅಜ್ಜಿ, ಆಮೇಲೆ?" ಅನ್ನಿ, ನೀವೇ ಉತ್ತರ ಹೇಳಿಬಿಡಬೇಡಿ. ಮುಗಿದ ಮೇಲೆ ಅಂದೇ ಅಜ್ಜಿಗೆ ಕೇಳಿಸಿ. ಸಾಲದ ಮಾತೋ, ದಾಯಾದಿಗಳ ಮಾತೋ ಬಂದಿದ್ದು, "ಅದು ಬೇಡ ಮಗಾ" ಅಂದರೆ ಅಳಿಸಿಬಿಡಿ. ಒಪ್ಪಿಗೆ ಇಲ್ಲದೆ ಹತ್ತು ಜನರ ಫೋನಿಗೆ ಕಳಿಸಿದರೆ ಮತ್ತೆ ವಾಪಸು ತರಲಾಗದು.

ಕೊನೆಗೆ, ಶುರುವಿನಲ್ಲೇ ಹೇಳುವವರ ಹೆಸರು, ಊರು, ತಾರೀಖು, ಬೆಳೆ ಇಷ್ಟನ್ನು ಬಾಯಲ್ಲೇ ಹೇಳಿಸಿ. ಒಂದು ಪ್ರತಿ ಫೋನಿನಲ್ಲಿರಲಿ, ಇನ್ನೊಂದು ಪ್ರತಿ ಶಾಲೆಯ ಕಂಪ್ಯೂಟರಿನಲ್ಲೋ ಸಂಘದವರ ಬಳಿಯೋ ಇರಲಿ. ಫೋನು ಬಾವಿಗೆ ಬೀಳುವುದು ಹೊಸತೇನಲ್ಲವಲ್ಲ.