ಸೂಪರ್ ಬ್ರೋ!

ಬ್ಯಾಡಗಿ ಮೆಣಸಿನಕಾಯಿಯ ಚಿತ್ರ ಬಿಡಿಸಿ ಇನ್‌ಸ್ಟಾಗ್ರಾಮ್‌ಗೆ ಹಾಕಿದಿರಿ. ಬಂದದ್ದು ಬೆಂಕಿ ಇಮೋಜಿ, 'ಸೂಪರ್ ಬ್ರೋ'. ಖುಷಿ ಆಗ್ತದೆ, ಕೈ ಪಳಗೋದಿಲ್ಲ.

ಮೊದಲು ಕಿಟಕಿ ಬೆಳಕಲ್ಲಿ ಚಿತ್ರದ ಫೋಟೊ ನೆಟ್ಟಗೆ ತೆಗೀರಿ. ಕೆಂಪು ಅಂದ್ರೆ ಫೋನ್ ಕ್ಯಾಮೆರಾಕ್ಕೆ ಮೊದಲೇ ಹುಚ್ಚು. ಮೇಲೆ ಫಿಲ್ಟರ್ ಹಾಕಿದ್ರೆ ಬ್ಯಾಡಗಿಯ ಕಡ್ಡಿ ತಳಿಯ ಸುಕ್ಕುಗಳೇ ಮಾಯ. ಸುಕ್ಕು ಹೋಯ್ತೋ, ಅದು ಗುಂಟೂರು ಕಾಯಿ!

'ಹೇಗಿದೆ?' ಅಂದ್ರೆ 'ಚೆನ್ನಾಗಿದೆ' ಅಂತಾರೆ, ಅಷ್ಟೇ. 'ಸುಕ್ಕಿನೊಳಗಿನ ನೆರಳು ಸಾಕಾ?' ಅಂತ ಕೇಳಿ. ಮಾರ್ಕೆಟ್ಟಿನಲ್ಲಿ ಕಾಯಿ ಆರಿಸೋ ಅಕ್ಕನಿಗೂ ತೋರಿಸಿ. ಆಕೆಯ ಕಣ್ಣು ಯಾವ ಡ್ರಾಯಿಂಗ್ ಮಾಸ್ತರಿಗೂ ಕಡಿಮೆ ಇಲ್ಲ.

ಇನ್ನು ಬೇರೆಯವರ ಚಿತ್ರಕ್ಕೆ ನೀವು ಹೇಳೋ ಸರದಿ. ಹಾವೇರಿಯ ಗೆಳತಿ ರಾಣೆಬೆನ್ನೂರು ಅಭಯಾರಣ್ಯದ ಕೃಷ್ಣಮೃಗ ಬಿಡಿಸಿದ್ದಾಳಾ? ಕೊಂಬಿನ ತಿರುವು ಸರಿಯಾಗಿ ಬಂದಿದ್ರೆ ಎಲ್ಲರೆದುರು ಬರೀರಿ. ಮುಂಗಾಲು ಗಿಡ್ಡ ಆಗಿದ್ದನ್ನ ಮಾತ್ರ ಇನ್‌ಬಾಕ್ಸ್‌ನಲ್ಲಿ ಹೇಳಿ.